ಮೊದಲು ಕಾಂಕ್ರೀಟು, ಆಮೇಲೆ ಪೈಪು: ಹೈಸ್ಕೂಲ್ ಗ್ರೂಪಿನಲ್ಲಿ ಒಂದು ರಾತ್ರಿಯ ಜಗಳ

ರಾಘು: [ಫೋಟೊ]

ರಾಘು: ನೋಡ್ರಪ್ಪಾ, ನಮ್ಮ ಕೋಟೆ ಬೀದಿ. ದಸರಾಕ್ಕೆ ಮುಂಚೆ ಹಾಕಿದ ಕಾಂಕ್ರೀಟು, ಯುಗಾದಿ ಹೊತ್ತಿಗೆ ಉದ್ದಕ್ಕೂ ಸೀಳಿದ್ದಾರೆ. ಬೇರೆ ಯಾವುದೋ ಗ್ರೂಪಿನಿಂದ ಬಂತು. ಏನು ಹೇಳೋಣ ಇದಕ್ಕೆ?

ಗಿರಿ: ಹೊಟ್ಟೆ ಆಪರೇಷನ್ ಮಾಡಿ ಹೊಲಿಗೆ ಹಾಕುವುದನ್ನು ಮರೆತ ಹಾಗಿದೆ.

ಲತಾ: ಇದು ಸುಧಾ ಮನೆ ಮುಂದೆ ಅಲ್ವಾ? ಆ ನೀಲಿ ಗೇಟು ಅವಳದೇ.

ರಾಘು: ಯಾರ ಮನೆ ಮುಂದೆ ಆದರೇನು. ನಮ್ಮ ಪುರಸಭೆಯೇ ಹೀಗೆ. ಹಾಕುವುದಕ್ಕೊಂದು ಬಿಲ್ಲು, ಒಡೆಯುವುದಕ್ಕೊಂದು ಬಿಲ್ಲು, ಮುಚ್ಚುವುದಕ್ಕೆ ಮತ್ತೊಂದು. ಮೂರರಲ್ಲೂ ಪಾಲು.

ಬಸು: ಬೆಂಗಳೂರಿನಲ್ಲಿ ಕೂತು ಪಾಲು ಎಣಿಸುವುದು ಸುಲಭ ರಾಘು. ನಾನು 5 ವರ್ಷ ಮೆಂಬರ್ ಆಗಿದ್ದವನು. ಪ್ರೂಫ್ ಇದ್ದರೆ ಹಾಕು, ಇಲ್ಲದಿದ್ದರೆ ಸುಮ್ನಿರು.

ರಾಘು: ಫೋಟೊನೇ ಪ್ರೂಫು.

ಬಸು: ಫೋಟೊದಲ್ಲಿ ಗುಂಡಿ ಕಾಣುತ್ತದೆ, ಕಮಿಷನ್ ಕಾಣುವುದಿಲ್ಲ. ಆ ಕಾಂಕ್ರೀಟು ಹಾಕಿದವರು ಬೇರೆ, ಸೀಳಿದವರು ಬೇರೆ. ಪುರಸಭೆ ಅದನ್ನು ಒಡೆಸಿಲ್ಲ.

ರಾಘು: ಇದು ಇನ್ನೂ ಚೆನ್ನಾಗಿದೆ! ಪುರಸಭೆ ರಸ್ತೆಯನ್ನು ಪುರಸಭೆಗೆ ಗೊತ್ತಿಲ್ಲದೆ ಒಡೆದರಾ?

ಇಕ್ಬಾಲ್: ತಡೀರಿ ಇಬ್ಬರೂ. ಬಸು ಹೇಳಿದ್ದು ನಿಜ, ಆದರೆ ಅದೇ ದೊಡ್ಡ ಪ್ರಾಬ್ಲಮ್ಮು. ರಸ್ತೆ ಆದದ್ದು ನಗರೋತ್ಥಾನ ಅನ್ನುವ ರಾಜ್ಯ ಸರ್ಕಾರದ ಸ್ಕೀಮಿನ ಹಣದಲ್ಲಿ. ಪೈಪು ಬಂದದ್ದು ಅಮೃತ್ 2.0 ಸ್ಕೀಮಿನಲ್ಲಿ, ಮನೆಮನೆಗೆ ನಲ್ಲಿ ಅಂತ ಕೇಂದ್ರದವರು 2021ರಲ್ಲಿ ಶುರು ಮಾಡಿದರಲ್ಲ, ಅದು. ರಸ್ತೆಯ ಪ್ಯಾಕೇಜು ಓಡಾಡುವುದು ಡಿಸಿ ಆಫೀಸಿನ ನಗರಾಭಿವೃದ್ಧಿ ಕೋಶದಲ್ಲಿ, ನೀರಿನ ಕೆಲಸ ಮಾಡಿಸುವುದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಎರಡು ಟೆಂಡರು, ಇಬ್ಬರು ಗುತ್ತಿಗೆದಾರರು, ಇಬ್ಬರು ಇಂಜಿನಿಯರು. ಒಬ್ಬರ ನಕ್ಷೆ ಇನ್ನೊಬ್ಬರ ಟೇಬಲ್ಲಿಗೆ ಹೋಗುವುದೇ ಇಲ್ಲ. ನಾನು ಸಬ್ ಕಾಂಟ್ರಾಕ್ಟ್ ಕೆಲಸ ಮಾಡಿದವನು, ಕಣ್ಣಾರೆ ನೋಡಿದ್ದೇನೆ. ನಮ್ಮ ಲೆವೆಲ್ ಹಾಕುವ ಹುಡುಗರು ನೆಲದ ಕೆಳಗೆ ಏನಿದೆ ಅಂತ ಕೇಳುವುದು ವಾಲ್ವ್‌ಮನ್‌ನ. ಅವನು ರಿಟೈರ್ ಆದರೆ ನಕ್ಷೆಯೂ ರಿಟೈರ್.

ಗಿರಿ: ಇಕ್ಬಾಲ್ ಇವತ್ತು ಫುಲ್ ಫಾರ್ಮ್.

ಲತಾ: ಒಂದು ಅರ್ಥವಾಗಲಿಲ್ಲ. ಪೈಪು ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ರಸ್ತೆಯನ್ನು ಯಾಕೆ ತಡೆದು ನಿಲ್ಲಿಸಲಿಲ್ಲ?

ಬಸು: ಹೇಗೆ ನಿಲ್ಲಿಸುತ್ತೀರಿ ಲತಾ? ದುಡ್ಡು ಮಂಜೂರಾದರೆ ಖರ್ಚು ಮಾಡಬೇಕು. ಮಾರ್ಚ್ ಬಂದರೆ ಬಿಲ್ ಆಗಬೇಕು. ನಿಲ್ಲಿಸಿದರೆ 'ಅನುದಾನ ವಾಪಸ್' ಅಂತ ಪೇಪರಿನಲ್ಲಿ ಬರುತ್ತದೆ, ಆಗ ಇದೇ ರಾಘು ಆ ಕಟಿಂಗನ್ನು ಇಲ್ಲಿ ಹಾಕಿ ಬೈಯುತ್ತಾನೆ.

ರಾಘು: ಹಾಕೇ ಹಾಕುತ್ತೇನೆ.

ಬಸು: ಇನ್ನೊಂದು ಕೇಳಿ. ನಾವು 2018ರಲ್ಲಿ ಗೆದ್ದವರು. ಅಧ್ಯಕ್ಷ ಸ್ಥಾನದ ಮೀಸಲಾತಿ ವಿಷಯ ಕೋರ್ಟಿಗೆ ಹೋಗಿ, 2 ವರ್ಷಕ್ಕೂ ಜಾಸ್ತಿ ಅಧ್ಯಕ್ಷರೇ ಇಲ್ಲ. 2020ರ ಕೊನೆಗೆ ಅಧ್ಯಕ್ಷರ ಆಯ್ಕೆ ಆಯಿತು. ಎರಡನೇ ಅವಧಿಗೆ ಮತ್ತೆ ಅದೇ ಕಥೆ, 2024ರವರೆಗೆ ಎಳೆಯಿತು. ನಮ್ಮೂರು ಒಂದೇ ಅಲ್ಲ, ರಾಜ್ಯದಲ್ಲಿ ಎಷ್ಟೋ ಊರಿನ ಪಾಡು ಇದೇ. ಅಷ್ಟು ದಿನ ಆಡಳಿತಾಧಿಕಾರಿಯದೇ ರಾಜ್ಯ. ನಾನು ನನ್ನ ವಾರ್ಡಿನ ಬೀದಿದೀಪಕ್ಕೆ ಅರ್ಜಿ ಹಿಡಿದುಕೊಂಡು ತಿರುಗುತ್ತಿದ್ದೆ, ನಿಮ್ಮ ಹಾಗೆ. ಕ್ರಿಯಾಯೋಜನೆಯಲ್ಲಿ ಶಾಸಕರ ಮಾತು ನಡೆಯುತ್ತದೋ ಮೆಂಬರ್ ಮಾತು ನಡೆಯುತ್ತದೋ ಅಂತ ನನ್ನ ಕೇಳಬೇಡಿ.

ಗಿರಿ: ಕೇಳಲ್ಲ. ಗೊತ್ತಿದೆ.

ರಾಘು: ಈ ಸಂದೇಶವನ್ನು ಅಳಿಸಲಾಗಿದೆ

ಗಿರಿ: ನಾನು ಓದಿಬಿಟ್ಟೆ ರಾಘು. ಅಳಿಸಿದ್ದು ಒಳ್ಳೆಯದಾಯಿತು.

ಸುಧಾ: ಈಗ ನೋಡಿದೆ, ಅಂಗಡಿ ಬಾಗಿಲು ಹಾಕಿ ಬಂದೆ. ಗೇಟು ನಮ್ಮದೇ. ಎಲ್ಲರೂ ಸೀಳಿದ್ದನ್ನೇ ನೋಡುತ್ತಿದ್ದೀರಿ. ಆ ಫೋಟೊದ ಎಡಗಡೆ ಜೂಮ್ ಮಾಡಿ, ಗೇಟಿನ ಕೆಳಗೆ ಒಂದು ಮೆಟ್ಟಿಲು ಕಾಣುತ್ತದೆ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಅಲ್ಲಿ ಮೂರು ಮೆಟ್ಟಿಲಿತ್ತು. ಒಂದು ಸಲ ಡಾಂಬರು, ಅದರ ಮೇಲೆ ಇನ್ನೊಂದು ಸಲ ಡಾಂಬರು, ಈಗ ಅದನ್ನೆಲ್ಲ ಕೀಳದೆ ಅದರ ಮೇಲೇ ಕಾಂಕ್ರೀಟು. ಎರಡು ಮೆಟ್ಟಿಲು ರಸ್ತೆಯ ಹೊಟ್ಟೆಗೆ ಹೋಯಿತು. ಎದುರು ಮನೆಯವರಿಗೆ ಒಂದೂ ಉಳಿದಿಲ್ಲ, ಮಳೆ ಬಂದರೆ ಹೊಸ್ತಿಲಿಗೆ ಮರಳಿನ ಚೀಲ ಇಡುತ್ತಾರೆ.

ಲತಾ: ದೇವರೇ. ಚರಂಡಿ ಇದೆಯಲ್ಲ?

ಸುಧಾ: ಇದೆ. ರಸ್ತೆ ಏರಿತು, ಚರಂಡಿ ಹಳೆಯ ಲೆವೆಲ್ಲಿನಲ್ಲೇ ಉಳಿಯಿತು. ಮೇಲೆ ಸ್ಲ್ಯಾಬ್ ಮುಚ್ಚಿದರು, ನೀರು ಒಳಗೆ ಇಳಿಯಲು ಬಿಟ್ಟ ತೂತು ಅಂಗೈಯಷ್ಟು. ಅದರಲ್ಲಿ ಒಂದು ಹಾಲಿನ ಪಾಕೆಟ್ ಬಿದ್ದರೆ ಮುಗಿಯಿತು. ಇಕ್ಬಾಲ್, ನೀನೇ ಬಂದು ಒಂದು ಬಕೆಟ್ ನೀರು ಹಾಕಿ ನೋಡು. ನಾನು ನಮ್ಮ ಗೇಟಿನ ಹತ್ತಿರ ಹಾಕಿದೆ. ಮುಂದಕ್ಕೆ ಹೋಗಬೇಕಾದ ನೀರು ಬೇವಿನಮರದ ತನಕ ಹೋಗಿ ನಿಂತು, ನಿಧಾನಕ್ಕೆ ವಾಪಸ್ ಬಂತು.

ಇಕ್ಬಾಲ್: ಹಾಗಿದ್ದರೆ ತಳದ ಸ್ಲೋಪ್ ಉಲ್ಟಾ ಇದೆ. ಅದಕ್ಕೆ ಯಾವ ರಿಪೇರಿಯೂ ಇಲ್ಲ, ಅಷ್ಟು ಉದ್ದ ಒಡೆದೇ ಸರಿಮಾಡಬೇಕು.

ಬಸು: ಸುಧಾ, ಚರಂಡಿ ನನ್ನ ಕಾಲದ್ದಲ್ಲ.

ಸುಧಾ: ಯಾರ ಕಾಲದ್ದು ಅಂತ ನಾನು ಕೇಳಿದೆನಾ ಬಸು? ನೀರಿಗೆ ಯಾರ ಕಾಲ ಅಂತ ಗೊತ್ತಾಗುವುದಿಲ್ಲ.

ರಾಘು: ಸೂಪರ್ ಸುಧಾ. ಅದಕ್ಕೇ ಹೇಳಿದ್ದು, ತೆರಿಗೆ ಕಟ್ಟುವುದನ್ನೇ ನಿಲ್ಲಿಸಬೇಕು ಎಲ್ಲರೂ. ಆಗ ಬುದ್ಧಿ ಬರುತ್ತದೆ.

ಬಸು: ನಿನ್ನ ಖಾಲಿ ಸೈಟಿನ ತೆರಿಗೆ ಎಷ್ಟು ವರ್ಷದಿಂದ ಬಾಕಿ ಇದೆ ರಾಘು? ಎಲ್ಲರ ಮುಂದೆ ಹೇಳಿಬಿಡು.

ರಾಘು: [ಫೋಟೊ]

ರಾಘು: ಈ ವರ್ಷದ ರಸೀದಿ. ಏಪ್ರಿಲ್‌ನಲ್ಲೇ ಕಟ್ಟುತ್ತೇನೆ, 5% ರಿಯಾಯಿತಿ ಬಿಡುವ ಮಗನಲ್ಲ ನಾನು. ನೋಡಿಕೋ ಬಸು.

ಗಿರಿ: ಬಸು ಔಟ್, ಮೊದಲ ಬಾಲ್.

ಇಕ್ಬಾಲ್: ರಾಘು, ಕಟ್ಟಿದ್ದು ಒಳ್ಳೆಯದೇ. ಆದರೆ ನಿಲ್ಲಿಸಿದರೆ ಬುದ್ಧಿ ಬರುವುದಿಲ್ಲ. ಆ ರಸ್ತೆಗೆ ನಿನ್ನ ತೆರಿಗೆಯ ಒಂದು ರೂಪಾಯಿಯೂ ಹೋಗಿಲ್ಲ. ಪುರಸಭೆಯ ಸ್ವಂತ ಹಣ ಅಂದರೆ ಮನೆ ತೆರಿಗೆ, ನೀರಿನ ಕರ, ಅಂಗಡಿ ಬಾಡಿಗೆ, ಲೈಸೆನ್ಸು, ಇಷ್ಟೇ. ನಿನ್ನ ರಸೀದಿಯಲ್ಲೇ ಗ್ರಂಥಾಲಯದ ಸೆಸ್ಸು, ಭಿಕ್ಷುಕರ ಸೆಸ್ಸು ಅಂತ ಸಾಲುಗಳಿವೆ ನೋಡು, ಅದೂ ಅಲ್ಲಿ ಉಳಿಯುವುದಿಲ್ಲ. ಉಳಿದದ್ದರಲ್ಲಿ 24.10% ಎಸ್‌ಸಿ ಎಸ್‌ಟಿ ಜನರಿಗೆ, 7.25% ಇತರ ಬಡವರಿಗೆ, 5% ಅಂಗವಿಕಲರಿಗೆ ತೆಗೆದಿಡಬೇಕು, ಇಡಲೇಬೇಕು, ಅದರಲ್ಲಿ ತಪ್ಪಿಲ್ಲ. ಆಮೇಲೆ ಮಿಕ್ಕಿದ್ದು ಡೀಸೆಲ್‌ಗೆ, ಬಲ್ಬಿಗೆ, ಕಸದ ಗಾಡಿಯ ಟೈರಿಗೆ. ಒಂದು ಚರಂಡಿ ಸರಿಮಾಡೋಣ ಅಂದರೂ ಮೇಲಿನಿಂದ ಸ್ಕೀಮು ಬರಬೇಕು. ಸ್ಕೀಮು ಬಂದರೆ ಅದರ ಮೇಲೆ ಹೆಸರು ಬರೆದಿರುತ್ತದೆ. 15ನೇ ಹಣಕಾಸು ಆಯೋಗ ಹೇಳಿದಂತೆ 2021ರಿಂದ 2026ರವರೆಗೆ ಅಂತ ಕೇಂದ್ರ ಕೊಟ್ಟ ಹಣವನ್ನೇ ತಗೊಳ್ಳಿ, ನಮ್ಮಂಥ ಊರಿಗೆ ಅದರ 60% ನೀರಿಗೆ ಮತ್ತು ನೈರ್ಮಲ್ಯಕ್ಕೆ ಅಂತ ಮೊದಲೇ ಕಟ್ಟಿಹಾಕಿದ್ದರು. ಇಂಥ ಕಟ್ಟು ಇರುವ ಕಡೆ, ಊರಿಗೆ ಏನು ಬೇಕು ಅಂತ ಯಾರೂ ಕೇಳುವುದಿಲ್ಲ. ಯಾವ ಹೆಡ್ಡಿನಲ್ಲಿ, ಅಂದರೆ ಯಾವ ಖರ್ಚಿನ ಖಾತೆಯಲ್ಲಿ, ದುಡ್ಡಿದೆ ಅಂತ ನೋಡುತ್ತಾರೆ.

ಲತಾ: ಮಸ್ಕತ್‌ನಲ್ಲಿ ನಮ್ಮ ಬೀದಿ ಅಗೆದಾಗ...

ಗಿರಿ: ಲತಾ, ಮಸ್ಕತ್ ಬೇಡ. ಪ್ಲೀಸ್.

ಲತಾ: ಸರಿ ಬಿಡಿ. ಆದರೆ ಕೇಳಬೇಕಾದ್ದು ಕೇಳುತ್ತೇನೆ. ನಮ್ಮ ಅಜ್ಜಿ ಊರಿನಲ್ಲಿ ಗ್ರಾಮಸಭೆ ಅಂತ ಮಾಡುತ್ತಾರೆ, ಜಮಾಬಂದಿ ಮಾಡುತ್ತಾರೆ, ಖರ್ಚಿನ ಪಟ್ಟಿ ಓದುತ್ತಾರೆ, ಜನ ಎದ್ದು ನಿಂತು ಬೈಯುತ್ತಾರೆ. ಪುರಸಭೆಯಲ್ಲಿ ಅದು ಯಾಕಿಲ್ಲ?

ಬಸು: ಸಿಟಿಯಲ್ಲಿ ಗ್ರಾಮಸಭೆಯ ಬದಲಿಗೆ ಇರುವುದು ವಾರ್ಡ್ ಸಮಿತಿ. ಸಂವಿಧಾನದಲ್ಲೇ ಅದು ಕಡ್ಡಾಯ ಅಂತ ಇರುವುದು 3 ಲಕ್ಷ ಜನ ಇರುವ ಊರಿಗೆ ಮತ್ತು ಅದಕ್ಕಿಂತ ದೊಡ್ಡದಕ್ಕೆ. ಪುರಸಭೆ ಅಂದರೆ 20 ಸಾವಿರದಿಂದ 50 ಸಾವಿರ. ನಾವು ಹಳ್ಳಿಯೂ ಅಲ್ಲ, ಸಿಟಿಯೂ ಅಲ್ಲ.

ಸುಧಾ: ಬಸು ಇವತ್ತು ಹೇಳಿದ್ದರಲ್ಲಿ ಇದು ಒಂದೇ ಸರಿಯಾದ ಮಾತು. ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿ ಆದಾಗ ನಾವೆಲ್ಲ ಪಟಾಕಿ ಹೊಡೆಯುತ್ತೇವೆ. ತೆರಿಗೆ ಜಾಸ್ತಿ ಆಗುತ್ತದೆ, ಉದ್ಯೋಗ ಖಾತ್ರಿ ಕೆಲಸ ಹೋಗುತ್ತದೆ, ಗ್ರಾಮಸಭೆಯೂ ಹೋಗುತ್ತದೆ. ಬೈಯುವುದಕ್ಕೆ ಉಳಿಯುವುದು ವಾಟ್ಸಾಪು.

ರಾಘು: ನಾನು ಆರ್‌ಟಿಐ ಹಾಕುತ್ತೇನೆ. ಎಸ್ಟಿಮೇಟು, ಟೆಂಡರು, ಬಿಲ್ಲು, ಪೈಪಿನವರ ಬಿಲ್ಲು, ಹಿಂದಿನ 10 ವರ್ಷದ ಎಲ್ಲ ರಸ್ತೆಗಳ ಲೆಕ್ಕ, ಎಲ್ಲ ಕೇಳುತ್ತೇನೆ.

ಇಕ್ಬಾಲ್: ಎಲ್ಲ ಕೇಳಿದರೆ ಏನೂ ಸಿಗುವುದಿಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ. 10 ರೂಪಾಯಿ ಪೋಸ್ಟಲ್ ಆರ್ಡರ್, ಪುಟಕ್ಕೆ 2 ರೂಪಾಯಿ. ಒಂದೇ ಒಂದು ಕೇಳು: ಕೋಟೆ ಬೀದಿ ಕಾಮಗಾರಿಯ ಎಂ-ಬುಕ್, ಅಂದರೆ ಅಳತೆ ಪುಸ್ತಕ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ದಪ್ಪ ಅಂತ ಇಂಜಿನಿಯರ್ ಸೈನ್ ಮಾಡಿ ಬರೆದಿರುತ್ತಾನೆ. ಬಿಲ್ ಆಗುವುದು ಅದರ ಮೇಲೆ. ಈಗ ಸೀಳಿದ್ದಾರಲ್ಲ, ಅದು ನಮ್ಮ ಅದೃಷ್ಟ. ಸಾಮಾನ್ಯವಾಗಿ ದಪ್ಪ ನೋಡಬೇಕು ಅಂದರೆ ಕೋರ್ ಕಟಿಂಗ್ ಮೆಷಿನ್ ತರಬೇಕು. ಈಗ ಅಂಚಿನಲ್ಲಿ ಟೇಪ್ ಹಿಡಿದರೆ ಸಾಕು, ಕಾಂಕ್ರೀಟು ಎಷ್ಟು ಇಂಚಿದೆ ಅಂತ ಮಕ್ಕಳೂ ಓದುತ್ತಾರೆ.

ಗಿರಿ: ಅರೆ! ಸುಧಾ, ಟೇಪ್ ಇದೆಯಾ?

ಸುಧಾ: ಬಟ್ಟೆ ಅಂಗಡಿಯವಳಿಗೆ ಟೇಪ್ ಇದೆಯಾ ಅಂತ ಕೇಳುತ್ತೀಯಲ್ಲ ಗಿರಿ.

ಬಸು: ಮುಚ್ಚುವುದರೊಳಗೆ ಅಳೆದುಕೊಳ್ಳಿ ಹಾಗಾದರೆ. ಜೆಸಿಬಿಯವರು ಈ ವಾರವೇ ಮಣ್ಣು ತುಂಬುತ್ತಾರೆ. ನಾನು ಹೇಳಿದೆ ಅಂತ ಎಲ್ಲೂ ಹೇಳಬೇಡಿ.

ರಾಘು: ಓಹೋ, ಮಾಜಿ ಮೆಂಬರ್ ಪಕ್ಷಾಂತರ!

ಬಸು: ಪಕ್ಷ ಯಾವುದೂ ಅಲ್ಲ. ಆ ಗುತ್ತಿಗೆದಾರನಿಗೆ ಇನ್ನೂ ಡಿಎಲ್‌ಪಿ ಇದೆ. ಅಂದರೆ ಕೆಲಸ ಮುಗಿದ ಮೇಲೂ ಇಷ್ಟು ಕಾಲದೊಳಗೆ ಬಿರುಕು ಬಿಟ್ಟರೆ ಅವನ ಖರ್ಚಿನಲ್ಲೇ ಸರಿಮಾಡಬೇಕು, ಅವನ ಡಿಪಾಸಿಟ್ ಪುರಸಭೆಯಲ್ಲೇ ಇರುತ್ತದೆ. ಆದರೆ ಈಗ ಅವನು ಏನು ಹೇಳುತ್ತಾನೆ? 'ನನ್ನ ರಸ್ತೆಯನ್ನು ಬೇರೆಯವರು ಒಡೆದರು, ನನ್ನ ಜವಾಬ್ದಾರಿ ಮುಗಿಯಿತು.' ಪೈಪಿನವರು 'ನಾವು ಸೀಳಿದ ಪಟ್ಟಿ ಮಾತ್ರ ಮುಚ್ಚುತ್ತೇವೆ' ಅನ್ನುತ್ತಾರೆ. ಆ ಪಟ್ಟಿಯ ಎರಡೂ ಅಂಚು ಮಳೆಗಾಲಕ್ಕೆ ಕುಸಿದಾಗ ಇಬ್ಬರೂ ಊರಿನಲ್ಲಿ ಇರುವುದಿಲ್ಲ. ಇದನ್ನು ನಾನು ಮೀಟಿಂಗಿನಲ್ಲಿ ಹೇಳಿದ್ದೆ. ನಡಾವಳಿಯಲ್ಲಿ ಬರೆದಿದ್ದು 'ಚರ್ಚಿಸಲಾಯಿತು'.

ಸುಧಾ: ಕೋಟೆ ಬೀದಿಯ ಕಥೆ ಮುಗಿಯಿತು ಅಂತಲೇ ಇಟ್ಟುಕೊಳ್ಳಿ. ನನಗೆ ಈಗಿನ ಚಿಂತೆ ಬೇರೆ. ಹಳೇ ಬಸ್‌ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಸುಣ್ಣದ ಗೆರೆ ಹಾಕಿದ್ದಾರೆ, ಅಲ್ಲಿಗೂ ಕಾಂಕ್ರೀಟು ಬರುತ್ತದೆ. ಅಲ್ಲಿ ಪೈಪು ಇನ್ನೂ ಹಾಕಿಲ್ಲ. ಪೈಪು ರಾಶಿ ಹಾಕಿರುವುದು ಪಕ್ಕದ ಬೀದಿಯಲ್ಲಿ, ಅಂದರೆ ಇವತ್ತಲ್ಲ ನಾಳೆ ಅಲ್ಲಿಗೆ ಬಂದೇ ಬರುತ್ತದೆ. ಆದ ಮೇಲೆ ಫೋಟೊ ಹಾಕಿ ಏನು ಪ್ರಯೋಜನ? ಆಗುವ ಮುಂಚೆ ಹೋಗಿ, ಮೊದಲು ಪೈಪು, ಆಮೇಲೆ ಚರಂಡಿಯ ಲೆವೆಲ್ಲು, ಕೊನೆಗೆ ರಸ್ತೆ, ಅದೂ ಹಳೆಯ ಡಾಂಬರು ಕಿತ್ತು, ಅಂತ ಮುಖ್ಯಾಧಿಕಾರಿಗೆ ಬರೆದುಕೊಟ್ಟು ಸ್ವೀಕೃತಿ ತಗೊಳ್ಳೋಣ. ಅರ್ಜಿಯ ಒಂದು ಕಾಪಿ ನೀರಿನ ಮಂಡಳಿಗೆ, ಒಂದು ಡಿಸಿ ಆಫೀಸಿಗೆ.

ರಾಘು: ಬರೆದುಕೊಟ್ಟರೆ ಕೇಳುತ್ತಾರಾ?

ಸುಧಾ: ಕೇಳದೆಯೂ ಇರಬಹುದು. ಆದರೆ ಆಮೇಲೆ 'ನಮಗೆ ಗೊತ್ತಿರಲಿಲ್ಲ' ಅನ್ನುವ ಹಾಗಿರುವುದಿಲ್ಲ. ಈ ಸಲ ಆಫೀಸಿನವರೆಲ್ಲ ಹೇಳಿದ್ದು ಆ 'ಗೊತ್ತಿರಲಿಲ್ಲ' ಅನ್ನುವುದನ್ನೇ.

ಇಕ್ಬಾಲ್: ಡ್ರಾಫ್ಟ್ ನಾನು ಮಾಡುತ್ತೇನೆ. ಲೆವೆಲ್ಲಿನ ವಿಷಯ ಬರೆಯುವಾಗ ನಂಬರ್ ಹಾಕಬೇಕು, ಸುಮ್ನೆ 'ಸರಿಯಾಗಿ ಮಾಡಿ' ಅಂದರೆ ಫೈಲಿನಲ್ಲಿ ಮಲಗುತ್ತದೆ. ಕಾಂಕ್ರೀಟಿಗೆ ಕನಿಷ್ಠ 14 ದಿನ ನೀರು ಉಣಿಸಬೇಕು ಅಂತಲೂ ಸೇರಿಸುತ್ತೇನೆ. ಕೋಟೆ ಬೀದಿಯಲ್ಲಿ ಗೋಣಿಚೀಲ ಎಷ್ಟು ದಿನ ಒದ್ದೆ ಇತ್ತು ಸುಧಾ?

ಸುಧಾ: ಉದ್ಘಾಟನೆಯ ಹಿಂದಿನ ದಿನದ ತನಕ.

ಲತಾ: ನನ್ನ ಹೆಸರೂ ಸೇರಿಸಿ. ನಮ್ಮ ಅಪ್ಪನ ಮನೆ ಅದೇ ಬೀದಿಯಲ್ಲಿದೆ. ಅಪ್ಪ ಬಂದು ಸೈನ್ ಹಾಕುತ್ತಾರೆ.

ಗಿರಿ: ಬಸು, ನಿನ್ನ ಸೈನು?

ಬಸು: ಸೈನ್ ಬೇಡ. ಮುಂದಿನ ಸಲ ಟಿಕೆಟ್ ಕೇಳಬೇಕು ನಾನು. ಆದರೆ ಜೊತೆಗೆ ಬರುತ್ತೇನೆ, ಮುಖ್ಯಾಧಿಕಾರಿ ಚೇಂಬರಿನ ಹೊರಗೆ ಕಾಯಿಸದ ಹಾಗೆ ನೋಡಿಕೊಳ್ಳುತ್ತೇನೆ.

ರಾಘು: ನೋಡ್ರಪ್ಪಾ ಧೈರ್ಯ.

ಬಸು: ನೀನು ಬರುತ್ತೀಯಾ ಬೆಂಗಳೂರಿನಿಂದ?

ರಾಘು: ಗುರುವಾರ ರಜೆ ಹಾಕುತ್ತೇನೆ. ರಾತ್ರಿ ಬಸ್ಸಿಗೆ ಹೊರಟರೆ ಬೆಳಗ್ಗೆ ಅಲ್ಲಿರುತ್ತೇನೆ.

ಗಿರಿ: ಹಾಗಾದರೆ ಗುರುವಾರ, ಹನ್ನೊಂದು ಗಂಟೆ, ಪುರಸಭೆ ಮುಂದೆ. ಪಿನ್ ಮಾಡುತ್ತಿದ್ದೇನೆ.

ಸುಧಾ: ಹತ್ತೂವರೆ ಅನ್ನು ಗಿರಿ. ಹನ್ನೊಂದರ ಮೇಲೆ ಇಂಜಿನಿಯರ್ ಸೈಟ್ ವಿಸಿಟ್‌ಗೆ ಹೋಗಿರುತ್ತಾರೆ. ಯಾವ ಸೈಟು ಅಂತ ಕೇಳಿದರೆ ಆಫೀಸಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ.