ಚೈನೀಸ್ ಮಾತಾಡುವ ಮಕ್ಕಳಿಗೆ ಇಂಗ್ಲಿಷ್ ಮಾತು ರೂಢಿ ಮಾಡಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ಶಿನ್‌ಚು, ತೈವಾನ್

ಎಲ್ಲರಿಗೂ ನಮಸ್ಕಾರ. ನಾವು ಶಿನ್‌ಚು ಊರಿಗೆ ಬಂದು ಎಂಟು ತಿಂಗಳಾಯಿತು. ಯಜಮಾನರಿಗೆ ಇಲ್ಲಿ ಚಿಪ್ ಕಂಪನಿಯಲ್ಲಿ ಕೆಲಸ. ಪಕ್ಕದ ಮನೆಯವರಿಗೆ ಇಬ್ಬರು ಮಕ್ಕಳು. ಹುಡುಗಿ ಎಂಟನೇ ಕ್ಲಾಸು, ಹುಡುಗ ಐದನೇ ಕ್ಲಾಸು. ಶನಿವಾರ ಒಂದು ಗಂಟೆ ಮಕ್ಕಳ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ಅಂತ ಅವರಮ್ಮ ಕೇಳಿದರು. ಬದಲಿಗೆ ಅವರು ನನಗೆ ಚೈನೀಸ್ ಹೇಳಿಕೊಡುತ್ತಾರೆ. ದುಡ್ಡಿನ ಮಾತಿಲ್ಲ.

ಮೊದಲ ಶನಿವಾರ ‘ಹೌ ಆರ್ ಯೂ?’ ಅಂದೆ. ಇಬ್ಬರೂ ಒಂದೇ ಉಸಿರಿಗೆ ‘ಐಯಾಮ್ ಫೈನ್, ಥ್ಯಾಂಕ್ಯೂ, ಆ್ಯಂಡ್ ಯೂ?’ ಅಂದರು. ಅಲ್ಲಿಗೆ ಮುಗಿಯಿತು. ಉಳಿದ ಐವತ್ತೈದು ನಿಮಿಷ ಬಿಸ್ಕತ್ತು ತಿಂದೆವು. ಹಾಗಂತ ಅವರಿಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಹುಡುಗಿಯ ಹತ್ತಿರ 2000 ಪದಗಳ ಪಟ್ಟಿ ಇದೆ, ಅರ್ಧಕ್ಕಿಂತ ಜಾಸ್ತಿ ಬಾಯಿಪಾಠ ಆಗಿದೆ. ಮಾತೇ ಹೊರಡುವುದಿಲ್ಲ.

ನಾನು ಟೀಚರ್ ಅಲ್ಲ. ಹಾಸನದ ಕಡೆಯವಳು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ನನ್ನ ಉಚ್ಚಾರಣೆಯನ್ನೇ ಆ ಮಕ್ಕಳು ಕಲಿತುಬಿಟ್ಟರೆ ಅನ್ನುವ ಭಯ ಬೇರೆ. ಏನು ಮಾಡಲಿ?

ನಾನ್‌ಜಿಂಗ್‌ನಲ್ಲಿ ಎಂಬಿಬಿಎಸ್ ಓದಿದವನು

ಅಕ್ಕಾ, ಇದಕ್ಕೆ ಚೀನಾದಲ್ಲಿ ಒಂದು ಹೆಸರೇ ಇದೆ. ‘ಯಾಬಾ ಯಿಂಗ್‌ಯೂ’, ಅಂದರೆ ಮೂಗ ಇಂಗ್ಲಿಷ್. ಓದಲು ಬರುತ್ತದೆ, ಪರೀಕ್ಷೆ ಬರೆಯಲು ಬರುತ್ತದೆ, ಬಾಯಿ ಬರುವುದಿಲ್ಲ. ಅಲ್ಲಿನ ಕಾಲೇಜು ಪ್ರವೇಶದ ‘ಗಾವ್‌ಖಾವ್’ ಪರೀಕ್ಷೆಯಲ್ಲಿ ಇಂಗ್ಲಿಷಿಗೆ 150 ಅಂಕ. ಅದಕ್ಕಾಗಿ ವರ್ಷಗಟ್ಟಲೆ ಪದ ಉರು ಹೊಡೆಯುತ್ತಾರೆ. ಪದಗಳ ಪುಸ್ತಕ ಎಬಿಸಿಡಿ ಕ್ರಮದಲ್ಲಿ ಇರುತ್ತದಲ್ಲ, ಮೊದಲ ಪುಟದಲ್ಲೇ ‘ಅಬ್ಯಾಂಡನ್’ ಸಿಗುತ್ತದೆ. ಅದನ್ನು ಕಲಿತ ದಿನವೇ ಪುಸ್ತಕ ಅಬ್ಯಾಂಡನ್ ಮಾಡಿದೆವು ಅಂತ ನನ್ನ ಕ್ಲಾಸ್‌ಮೇಟುಗಳು ತಮಾಷೆ ಮಾಡುತ್ತಿದ್ದರು.

ನಮ್ಮ ಕ್ಯಾಂಪಸ್ಸಿನಲ್ಲಿ ವಾರಕ್ಕೊಂದು ಸಂಜೆ ‘ಇಂಗ್ಲಿಷ್ ಕಾರ್ನರ್’ ನಡೆಯುತ್ತಿತ್ತು. ಪಾರ್ಕಿನಲ್ಲೋ ಕ್ಯಾಂಪಸ್ಸಿನಲ್ಲೋ ಗುಂಪು ಸೇರಿ ಇಂಗ್ಲಿಷಿನಲ್ಲೇ ಮಾತಾಡುವುದು. ಮೊದಲ ಸಲ ಹೋದಾಗ ಹದಿನೈದು ಜನ ನನ್ನನ್ನು ಸುತ್ತುವರಿದರು. ಒಬ್ಬೊಬ್ಬರದೂ ಅದೇ ಪ್ರಶ್ನೆ: ಯಾವ ದೇಶ, ಚೀನಾ ಇಷ್ಟವಾ, ಖಾರ ತಿನ್ನುತ್ತೀಯಾ. ಉತ್ತರ ಕೊಟ್ಟು ಕೊಟ್ಟು ನನ್ನ ಇಂಗ್ಲಿಷ್ ಸುಧಾರಿಸಿತು, ಅವರದು ಇದ್ದ ಹಾಗೇ ಇತ್ತು! ಎರಡನೇ ತಿಂಗಳು ಉಲ್ಟಾ ಮಾಡಿದೆ. ನಾನು ಏನೂ ಗೊತ್ತಿಲ್ಲದವನ ಹಾಗೆ ಕೇಳಲು ಶುರು ಮಾಡಿದೆ. ಈ ಹಾಟ್‌ಪಾಟ್ (ಮೇಜಿನ ಮೇಲೆ ಕುದಿಯುವ ಸಾರಿನಲ್ಲಿ ಬೇಯಿಸಿಕೊಂಡು ತಿನ್ನುವ ಊಟ) ತಿನ್ನುವುದು ಹೇಗೆ? ಹಬ್ಬಕ್ಕೆ ಊರಿಗೆ ಹೋಗಲು ಟ್ರೇನ್ ಟಿಕೆಟ್ ಹೇಗೆ ತೆಗೆಯುವುದು? ಆಗ ನೋಡಿ, ಬಾಯಿ ಬಿಟ್ಟರು. ತಮಗೆ ಗೊತ್ತಿರುವುದನ್ನು ಗೊತ್ತಿಲ್ಲದವನಿಗೆ ಹೇಳುವಾಗ ವ್ಯಾಕರಣದ ಭಯ ಮರೆತುಹೋಗುತ್ತದೆ.

ಹೇಗೂ ನೀವು ಆ ಊರಿಗೆ ಹೊಸಬರು. ನಾಟಕ ಮಾಡುವುದೂ ಬೇಡ. ಕಸದ ಗಾಡಿ ಎಷ್ಟು ಗಂಟೆಗೆ ಬರುತ್ತದೆ ಅಂತ ಹುಡುಗನನ್ನೇ ಕೇಳಿ.

ಇನ್ನೊಂದು. ಇಬ್ಬರನ್ನೂ ಒಬ್ಬರ ಮುಂದೆ ಒಬ್ಬರನ್ನು ಪರೀಕ್ಷೆ ಮಾಡಬೇಡಿ. ಅಕ್ಕನ ತಪ್ಪಿಗೆ ತಮ್ಮ ನಕ್ಕರೆ ಆ ಹುಡುಗಿ ಮತ್ತೆ ಬಾಯಿ ತೆರೆಯುವುದಿಲ್ಲ. ‘ಮ್ಯೆನ್‌ಜ್’, ಅಂದರೆ ನಾಲ್ಕು ಜನರ ಮುಂದೆ ಮರ್ಯಾದೆ ಉಳಿಸಿಕೊಳ್ಳುವುದು ಅಲ್ಲಿ ದೊಡ್ಡ ವಿಷಯ. ನಮ್ಮಲ್ಲೂ ಚಿಕ್ಕದೇನಲ್ಲ ಬಿಡಿ.

ಸಿಂಗಾಪುರದಿಂದ, ಭಾಷಾಶಾಸ್ತ್ರ ಓದಿದವಳು

ಉಚ್ಚಾರಣೆಯ ಭಯದ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ನೀವು ಸರಿ ಮಾಡಿಕೊಳ್ಳಬೇಕಾದದ್ದು ಒಂದೇ: ಪ, ಟ, ಕ. ನಾವು ‘ಪೆನ್’ ಅನ್ನುವಾಗ ಉಸಿರು ಹೊರಗೆ ನುಗ್ಗುವುದಿಲ್ಲ. ಇಂಗ್ಲಿಷಿನವರು ಪದದ ಶುರುವಿನಲ್ಲಿ ಉಸಿರು ಸೇರಿಸಿ ‘ಪ್ಹೆನ್’ ಅನ್ನುತ್ತಾರೆ. ಚೈನೀಸಿನಲ್ಲಿ ಎರಡು ಅಕ್ಷರಗಳ ವ್ಯತ್ಯಾಸವೇ ಈ ಉಸಿರು. ಉಸಿರಿಲ್ಲದ ‘ಪ’ ಅವರ ಲೆಕ್ಕದಲ್ಲಿ ‘ಬ’. ಹಾಗಾಗಿ ನೀವು ‘ಪೆನ್’ ಅಂದರೆ ಅವರ ಕಿವಿಗೆ ‘ಬೆನ್’ ಅಂತ ಬೀಳುತ್ತದೆ. ಬೀಜಿಂಗ್ ಹೆಸರನ್ನು ಅವರ ಬಾಯಲ್ಲೇ ಕೇಳಿ ನೋಡಿ, ನಮ್ಮ ಕಿವಿಗೆ ‘ಪೇಯ್‌ಜಿಂಗ್’ ಅಂತಲೇ ಕೇಳುತ್ತದೆ. ತೈವಾನ್ ಅನ್ನುವುದನ್ನು ‘ಥಾಯ್‌ವಾನ್’ ಅನ್ನುತ್ತಾರೆ, ಉಸಿರು ಬಿಟ್ಟು.

ಬಾಯಿಯ ಮುಂದೆ ಟಿಶ್ಯೂ ಪೇಪರ್ ಹಿಡಿದು ‘ಪೆನ್’ ಅನ್ನಿ. ಪೇಪರ್ ಅಲುಗಬೇಕು. ನಮಗೆ ಇದು ಕಷ್ಟವಲ್ಲ, ಅಕ್ಷರಮಾಲೆಯಲ್ಲೇ ಇದೆ. ‘ಫಲ’ದ ಫ, ‘ಫ್ಯಾನ್’ನ ಫ ಅಲ್ಲ. ನಾವೇ ಶಾಲೆ ಬಿಟ್ಟ ಮೇಲೆ ಅದನ್ನು ಮರೆತಿದ್ದೇವೆ.

ಇನ್ನು ಮಕ್ಕಳ ಕಡೆ. ಮ್ಯಾಂಡರಿನ್‌ನಲ್ಲಿ, ಅಂದರೆ ಆ ಮಕ್ಕಳು ಮಾತಾಡುವ ಚೈನೀಸಿನಲ್ಲಿ, ಪದದ ತುಂಡು ಕೊನೆಯಾಗುವುದು ಸ್ವರದಲ್ಲಿ, ಇಲ್ಲವೇ ‘ನ್’, ‘ಙ್’ನಲ್ಲಿ. ಬೀಜಿಂಗ್ ಕಡೆ ‘ರ್’ ಕೂಡ. ಅಷ್ಟೇ. ಹಾಗಾಗಿ ‘ಗುಡ್’, ‘ಬುಕ್’, ‘ಬಸ್’ ಎಲ್ಲಕ್ಕೂ ಕೊನೆಗೆ ಒಂದು ಸಣ್ಣ ಬಾಲ ಹಚ್ಚುತ್ತಾರೆ, ಇಲ್ಲವೇ ಕೊನೆಯ ಸದ್ದನ್ನು ನುಂಗುತ್ತಾರೆ. ನಗಬೇಡಿ. ನಾವು ‘ಬಸ್ಸು’, ‘ಬುಕ್ಕು’, ‘ಕಾರು’ ಅನ್ನುವುದು ಅದೇ ಕಾರಣಕ್ಕೆ ಅಲ್ವಾ? ಇದನ್ನು ಮಕ್ಕಳಿಗೆ ಹೇಳಿ. ಟೀಚರಿಗೂ ಅದೇ ಚಾಳಿ ಇದೆ ಅಂತ ಗೊತ್ತಾದರೆ ಅರ್ಧ ಸಂಕೋಚ ಹೋಗುತ್ತದೆ.

ಒಂದೊಂದೇ ಪದ ಹೇಳಿಸಿದರೆ ಈ ಬಾಲ ಹೋಗುವುದಿಲ್ಲ. ಸ್ವರದಿಂದ ಶುರುವಾಗುವ ಪದವನ್ನು ಮುಂದೆ ಜೋಡಿಸಿ. ‘ಪಿಕ್ ಇಟ್ ಅಪ್’ ಅನ್ನುವುದನ್ನು ಸಂಧಿ ಮಾಡಿದ ಹಾಗೆ ‘ಪಿಕಿಟಪ್’ ಅನ್ನಿಸಿ. ‘ಟರ್ನಿಟಾಫ್’. ‘ಕಮಾನಿನ್’. ಬಾಲ ತಾನಾಗಿ ಮುಂದಿನ ಪದಕ್ಕೆ ಅಂಟುತ್ತದೆ.

‘ಥ್ಯಾಂಕ್ಯೂ’ ಬಾಯಲ್ಲಿ ‘ಸ್ಯಾಂಕ್ಯೂ’ ಆದರೆ ಬಿಟ್ಟುಬಿಡಿ. ಮೂರಕ್ಕೆ ಅವರು ‘ಸಾನ್’ ಅನ್ನುವುದರಿಂದ ಮೊಬೈಲಿನಲ್ಲಿ ‘3ಕ್ಯೂ’ ಅಂತಲೇ ಬರೆಯುತ್ತಾರೆ. ಅರ್ಥ ಆಗುತ್ತದಲ್ಲ, ಸಾಕು.

ಕೆನಡಾದ ರಿಚ್‌ಮಂಡ್‌ನಿಂದ, ನಿವೃತ್ತ ಮೇಷ್ಟ್ರು

ಮಗಳ ಮನೆಗೆ ಬಂದಾಗ ಇಲ್ಲಿನ ಲೈಬ್ರರಿಯಲ್ಲಿ ಮಾತಿನ ಗುಂಪಿಗೆ ಹೋಗಿ ಕೂರುತ್ತೇನೆ. ಚೈನೀಸ್ ಮಾತಾಡುವವರೇ ಜಾಸ್ತಿ. ಮೇಲಿನವರಿಗೆ ಒಂದು ಸಣ್ಣ ತಿದ್ದುಪಡಿ: ಹಾಂಗ್‌ಕಾಂಗ್ ಕಡೆಯ ಕ್ಯಾಂಟನೀಸ್ ಮಾತಾಡುವವರಿಗೆ ಕೊನೆಯ ಪ್, ಟ್, ಕ್ ಬರುತ್ತದೆ, ಅವರ ಭಾಷೆಯಲ್ಲೇ ಇದೆ. ತೈವಾನಿನ ಹಿರಿಯರ ಮನೆಮಾತು ಹೊಕ್ಕಿಯೆನ್‌ನಲ್ಲೂ ಇದೆ. ಮಕ್ಕಳಿಗೆ ಬರದಿದ್ದರೆ ಅಜ್ಜಿಯನ್ನು ಕರೆಯಿರಿ!

ನಾನು ಮೂವತ್ತೆರಡು ವರ್ಷ ಶಿವಮೊಗ್ಗ ಜಿಲ್ಲೆಯಲ್ಲಿ ಇಂಗ್ಲಿಷ್ ಕಲಿಸಿದೆ. ತಪ್ಪು ಕಂಡ ಕೂಡಲೇ ತಿದ್ದಬೇಕು ಅನ್ನುವವನು. ಇಲ್ಲಿ ಅದು ನಡೆಯಲಿಲ್ಲ. ಒಬ್ಬಾಕೆ ಗಂಡನ ಬಗ್ಗೆ ಹೇಳುತ್ತಾ ‘ಶೀ’, ‘ಶೀ’ ಅನ್ನುತ್ತಿದ್ದರು. ಎರಡು ಸಲ ತಿದ್ದಿದೆ. ಮುಂದಿನ ವಾರ ಬರಲೇ ಇಲ್ಲ. ಆಮೇಲೆ ಗೊತ್ತಾಯಿತು, ಮ್ಯಾಂಡರಿನ್ ಮಾತಿನಲ್ಲಿ ಅವನು, ಅವಳು ಎರಡಕ್ಕೂ ‘ಥಾ’ ಒಂದೇ. ಬರೆಯುವಾಗ ಮಾತ್ರ ಬೇರೆ. ಕಿವಿಯಲ್ಲಿ ಇಲ್ಲದ ವ್ಯತ್ಯಾಸ ಬಾಯಿಗೆ ಹೇಗೆ ಬರಬೇಕು?

ಈಗ ನಾನು ತಿದ್ದುವುದು ಅರ್ಥ ಕೆಡಿಸುವ ತಪ್ಪನ್ನು ಮಾತ್ರ, ಅದೂ ಕೊನೆಯ ಐದು ನಿಮಿಷದಲ್ಲಿ, ಯಾರ ತಪ್ಪು ಅಂತ ಹೇಳದೆ. ಹಾಗೆ ಬರೆದಿಟ್ಟುಕೊಂಡವು:

‘ಬಾರೋ’ ಮತ್ತು ‘ಲೆಂಡ್’. ಚೈನೀಸಿನಲ್ಲಿ ಎರಡಕ್ಕೂ ‘ಜ್ಯೆ’. ‘ನಿನ್ನ ಛತ್ರಿ ನನಗೆ ಬಾರೋ ಮಾಡು’ ಅನ್ನುತ್ತಾರೆ. ಇದಕ್ಕೆ ನಿಜವಾಗಿ ಛತ್ರಿ ಕೈ ಬದಲಾಯಿಸಿಯೇ ಆಡಿಸಬೇಕು, ವಿವರಣೆ ಉಪಯೋಗಕ್ಕೆ ಬರುವುದಿಲ್ಲ.

ಲೈಟ್ ‘ಓಪನ್’ ಮಾಡುವುದು, ಟಿವಿ ‘ಕ್ಲೋಸ್’ ಮಾಡುವುದು. ನಾವು ‘ಲೈಟ್ ಹಾಕು’ ಅಂತ ‘ಪುಟ್ ದ ಲೈಟ್’ ಅನ್ನುವವರು, ಹೆಚ್ಚು ಮಾತಾಡುವ ಹಾಗಿಲ್ಲ.

ನೋಡು, ಕಾಣು, ಪುಸ್ತಕ ಓದು, ಸಿನಿಮಾ ನೋಡು: ಎಲ್ಲಕ್ಕೂ ‘ಖಾನ್’. ನಮ್ಮ ‘ಕಾಣ್’ಗೆ ಎಷ್ಟು ಹತ್ತಿರ ನೋಡಿ. ಸಂಬಂಧ ಏನೂ ಇಲ್ಲ, ನೆನಪಿಟ್ಟುಕೊಳ್ಳಲು ಸುಲಭ ಅಷ್ಟೇ.

ಕೊನೆಯದು ‘ಯೆಸ್’, ‘ನೋ’. ‘ಡೋಂಟ್ ಯೂ ವಾಂಟ್ ಟೀ?’ ಅಂದರೆ ‘ಯೆಸ್’ ಅನ್ನುತ್ತಾರೆ. ಹೌದು, ನೀವು ಹೇಳಿದ್ದು ಸರಿ, ಬೇಡ ಅಂತ ಅರ್ಥ. ನಾವೂ ಹಾಗೇ. ‘ನೀನು ಬರಲ್ವಾ?’ ‘ಹೂಂ, ಬರಲ್ಲ.’ ಇಂಗ್ಲಿಷಿನಲ್ಲಿ ಪ್ರಶ್ನೆ ಹೇಗೇ ಇರಲಿ, ಬೇಡ ಅಂದರೆ ನೋ. ಈ ಒಂದು ವಿಷಯಕ್ಕೆ ನಾನು ಪೂರ್ತಿ ಒಂದು ಗಂಟೆ ಕೊಟ್ಟಿದ್ದೇನೆ, ಟೀ ಫ್ಲಾಸ್ಕ್ ಇಟ್ಟುಕೊಂಡು.

ಪೀಣ್ಯದಿಂದ, ಸಣ್ಣ ಫ್ಯಾಕ್ಟರಿ ನಡೆಸುವವನು

ನಾನು ಕಲಿಸಿದವನಲ್ಲ. ಗ್ವಾಂಗ್‌ಝೋವಿನ ಕ್ಯಾಂಟನ್ ಫೇರ್‌ಗೆ ನಾಲ್ಕೈದು ಸಲ ಹೋಗಿದ್ದೇನೆ. 1957ರಿಂದ ನಡೆಯುತ್ತಿರುವ ದೊಡ್ಡ ವ್ಯಾಪಾರ ಮೇಳ, ವರ್ಷಕ್ಕೆ ಎರಡು ಸಲ. ಅಲ್ಲಿ ದುಭಾಷಿ ಕೆಲಸಕ್ಕೆ ಕಾಲೇಜು ಹುಡುಗ ಹುಡುಗಿಯರು ಬರುತ್ತಾರೆ. ಒಳ್ಳೆಯ ಇಂಗ್ಲಿಷ್. ಎಡವುವುದು ಒಂದೇ ಕಡೆ, ದೊಡ್ಡ ಸಂಖ್ಯೆ.

ಅವರು ಎಣಿಸುವುದು ಹತ್ತು ಸಾವಿರದ ಗುಂಪಿನಲ್ಲಿ, ಅದಕ್ಕೆ ‘ವಾನ್’ ಅನ್ನುತ್ತಾರೆ. ನಮ್ಮ ಒಂದು ಲಕ್ಷ ಅಂದರೆ 10 ವಾನ್. ಒಂದು ಮಿಲಿಯನ್ ಅಂದರೆ ಅವರಿಗೆ 100 ವಾನ್, ನಮಗೆ 10 ಲಕ್ಷ. ಇಬ್ಬರೂ ತಲೆಯಲ್ಲಿ ಅನುವಾದ ಮಾಡುತ್ತಾ ಕೂತಿದ್ದೆವು, ಕೊನೆಗೆ ಕ್ಯಾಲ್ಕುಲೇಟರೇ ಗತಿ. ಆ ಮಕ್ಕಳಿಗೆ ಇದನ್ನು ಆಟ ಮಾಡಿ. ತೈವಾನಿನ ಜನಸಂಖ್ಯೆ ಸುಮಾರು 2300 ವಾನ್, ಇಂಗ್ಲಿಷಿನಲ್ಲಿ ಹೇಳು. ಕರ್ನಾಟಕದ್ದು 2011ರ ಜನಗಣತಿಯಲ್ಲಿ 6.11 ಕೋಟಿ, ಅದನ್ನು ನೀವು ಹೇಳಿ. ಯಾರು ಮೊದಲು ಹೇಳುತ್ತಾರೋ ನೋಡೋಣ.

ಕೈ ಸನ್ನೆಯನ್ನೂ ಕಲಿತುಕೊಳ್ಳಿ. ಹತ್ತರವರೆಗೆ ಒಂದೇ ಕೈಯಲ್ಲಿ ತೋರಿಸುತ್ತಾರೆ. ಗ್ವಾಂಗ್‌ಝೋ ಕಡೆ ಹೆಬ್ಬೆರಳು, ತೋರುಬೆರಳು ಎರಡೂ ಚಾಚಿದರೆ ಎಂಟು. ನಾನು ಎರಡು ಯುವಾನ್ ಅಂದುಕೊಂಡು ಸಾವಿರ ಪೀಸಿಗೆ ಖುಷಿಯಿಂದ ತಲೆ ಅಲ್ಲಾಡಿಸಿದ್ದೆ. ಆಮೇಲೆ ಆದದ್ದು ಬೇಡ ಬಿಡಿ.

ಸಿಂಗಾಪುರದವಳೇ, ಇನ್ನೊಂದು ಮಾತು

ಪದಗಳ ವಿಷಯ ಬಿಟ್ಟಿದ್ದೆ. 2000ದ ಪಟ್ಟಿಗೆ ಹೊಸದು ಸೇರಿಸಬೇಡಿ. ವಾರಕ್ಕೆ ಐದು ಪದ ಹುಡುಗಿಯೇ ಆರಿಸಲಿ, ಅವಳಿಗೆ ಆಗಲೇ ಗೊತ್ತಿರುವ ಪದಗಳೇ ಆಗಬೇಕು. ಒಂದೊಂದರಲ್ಲೂ ತನ್ನ ಮನೆಯ ಬಗ್ಗೆ, ತನ್ನ ಶಾಲೆಯ ಬಗ್ಗೆ ಒಂದು ನಿಜವಾದ ವಾಕ್ಯ. ಬುಧವಾರ ಲೈನ್ ಆ್ಯಪಿನಲ್ಲಿ ವಾಯ್ಸ್ ಮೆಸೇಜ್ ಮಾಡಿ ಕಳಿಸಲಿ. ಮುಖ ಕಾಣುವುದಿಲ್ಲ, ಸರಿ ಬರುವವರೆಗೆ ಅಳಿಸಿ ಮತ್ತೆ ಹೇಳಬಹುದು. ನಾಚಿಕೆಯ ಮಕ್ಕಳಿಗೆ ಇದು ತುಂಬಾ ಹಿಡಿಸುತ್ತದೆ. ನನ್ನ ಮಗನ ಫ್ರೆಂಡ್ ಒಬ್ಬ ಏಳು ಸೆಕೆಂಡಿನ ಮೆಸೇಜಿನಿಂದ ಶುರು ಮಾಡಿದವನು.

ಕೇಳಿದವರು, ಶಿನ್‌ಚು

ಎಲ್ಲರಿಗೂ ಥ್ಯಾಂಕ್ಸ್. ಮೂರು ಶನಿವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಟಿಶ್ಯೂ ಪೇಪರ್ ಪರೀಕ್ಷೆಯಲ್ಲಿ ನಾನು ಫೇಲ್, ಹುಡುಗ ಪಾಸ್. ಅವನಿಗೆ ಅದೇ ದೊಡ್ಡ ಖುಷಿ. ಈಗ ‘ಪೆನ್’, ‘ಪೇಪರ್’, ‘ಟೇಬಲ್’ ನನಗೆ ಅವನೇ ಹೇಳಿಕೊಡುತ್ತಾನೆ, ಇಂಗ್ಲಿಷಿನಲ್ಲಿ ಗದರಿಸುತ್ತಾನೆ.

ಎರಡನೇ ವಾರ ವಂಶವೃಕ್ಷ ಬರೆಸಿದೆ. ನಾನೇ ಯೋಚಿಸಿದ್ದು. ಹುಡುಗಿ ‘ಅಂಕಲ್’ ಅಂತ ಬರೆದು ಪೆನ್ಸಿಲ್ ಕೆಳಗಿಟ್ಟಳು. ಯಾವ ಅಂಕಲ್ ಅಂತ ಕೇಳಿದೆ. ಅವರಲ್ಲಿ ಅಪ್ಪನ ಅಣ್ಣ ‘ಬೋಬೊ’, ತಮ್ಮ ‘ಶೂಶು’, ಅಮ್ಮನ ಅಣ್ಣತಮ್ಮಂದಿರು ‘ಜ್ಯೂಜ್ಯು’. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ! ಅಕ್ಕ, ತಂಗಿಗೂ ಬೇರೆ ಬೇರೆ ಪದ. ಇಷ್ಟೆಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಲು ‘ಮೈ ಫಾದರ್ಸ್ ಯಂಗರ್ ಬ್ರದರ್’ ಅಂತ ಉದ್ದಕ್ಕೆ ಹೇಳಲೇಬೇಕು, ಬೇರೆ ದಾರಿಯಿಲ್ಲ. ಅಷ್ಟರಲ್ಲಿ ಗಂಟೆ ಮುಗಿದಿತ್ತು.

ಮೇಷ್ಟ್ರ ಮಾತು ಕೇಳಿ ಮೊನ್ನೆ ಅಜ್ಜಿಯನ್ನೂ ಕರೆದೆ. ಟೀ ಕೊಟ್ಟರೆ ಅಜ್ಜಿ ‘ಟೇ’ ಅಂದರು, ಮಕ್ಕಳು ‘ಚಾ’ ಅಂದರು. ನಮ್ಮ ಹಾಸನದ ಟೀ, ಧಾರವಾಡದವರ ಚಹಾ ಎರಡೂ ಒಂದೇ ಮನೆಯಲ್ಲಿ ಸಿಕ್ಕಿತು. ಇಂಗ್ಲಿಷಿಗೆ ‘ಟೀ’ ಹೋದದ್ದು ಅಜ್ಜಿಯ ಭಾಷೆಯಿಂದಲೇ ಅಂತ ಹೇಳಿದೆ. ಹುಡುಗಿ ನಂಬಲಿಲ್ಲ. ಅಜ್ಜಿಗೆ ತಿರುಗಿ ಏನೋ ಕೇಳಿದಳು, ಮತ್ತೆ ನನ್ನ ಕಡೆ ತಿರುಗಿ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಅಜ್ಜಿಯ ಊರು, ಅಜ್ಜಿಯ ಅಪ್ಪನ ಟೀ ತೋಟ ಅಂತ ಹೇಳಿದಳು. ಅಜ್ಜಿ ಉದ್ದಕ್ಕೂ ‘ಹೀ’ ಆಗಿದ್ದರು. ತಿದ್ದಲಿಲ್ಲ.

ಮುಂದಿನ ಶನಿವಾರ ದೋಸೆ ಮಾಡುವುದು ಹೇಗೆ ಅಂತ ಇಂಗ್ಲಿಷಿನಲ್ಲಿ ಹೇಳಿಕೊಡಬೇಕಂತೆ, ಹುಡುಗನ ಆರ್ಡರ್. ಶಿನ್‌ಚುನಲ್ಲಿ ಉದ್ದಿನಬೇಳೆ ಎಲ್ಲಿ ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಾ?