ನಮ್ಮದು ಕ್ಯಾಂಪ್, ಇತಿಹಾಸವಿಲ್ಲದ ಊರು. ಮಾನವ ಭೂಗೋಳದ ಕಿರುಪ್ರಬಂಧಕ್ಕೆ ಆಗುತ್ತಾ?

ಕಾಲುವೆ ದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ತಾಲ್ಲೂಕಿನವನು. ಬಿಎ ಕೊನೆಯ ವರ್ಷ. ಎಂಎ ಭೂಗೋಳಕ್ಕೆ ಸೇರುವ ಆಸೆ ಇದೆ, ಅದರಲ್ಲೂ ಮಾನವ ಭೂಗೋಳ ತುಂಬಾ ಇಷ್ಟ. ಆದರೆ ಗೆಳೆಯರು, "ಅದರಲ್ಲಿ ಏನಿದೆ, ಜನಸಂಖ್ಯೆ, ಸಾಂದ್ರತೆ ಬಾಯಿಪಾಠ ಮಾಡೋದು ತಾನೇ" ಅನ್ನುತ್ತಾರೆ. ಅಪ್ಪ ಬಿಎಡ್ ಮಾಡು ಅನ್ನುತ್ತಾರೆ.

ಈಗಿನ ತೊಂದರೆ ಬೇರೆ. ಕಿರುಪ್ರಬಂಧಕ್ಕೆ ಒಂದು ಊರು ಆರಿಸಿಕೊಳ್ಳಬೇಕು. ನಮ್ಮದು ಕ್ಯಾಂಪ್. ತುಂಗಭದ್ರಾ ಕಾಲುವೆ ಬಂದ ಮೇಲೆ ಹೊರಗಿನಿಂದ ಬಂದವರು ನೆಲೆಸಿದ ಊರಿಗೆ ಇಲ್ಲಿ ಹಾಗನ್ನುತ್ತಾರೆ. ತಾತ ಗುಂಟೂರು ಕಡೆಯಿಂದ ಬಂದವರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಊರಿಗೆ ಎಪ್ಪತ್ತು ವರ್ಷವೂ ಆಗಿಲ್ಲ. ಹಳೆಯ ಗುಡಿ ಇಲ್ಲ, ಶಾಸನ ಇಲ್ಲ. ಇಂಥ ಊರಿನ ಬಗ್ಗೆ ಬರೆಯಲು ಏನಿರುತ್ತೆ? ಸುಮ್ನೆ ಹಂಪಿಯನ್ನೋ ಆನೆಗೊಂದಿಯನ್ನೋ ಆರಿಸಿಕೊಳ್ಳಲಾ?

ನಕ್ಷೆ ಹುಡುಗ:

ಕೆಲಸದ ವಿಷಯ ಹೇಳ್ತೀನಿ ಬ್ರದರ್. ಎಂಎ ಜೊತೆಗೆ ಜಿಐಎಸ್, ಅಂದ್ರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡೋದು, ಕಲಿತುಕೋ. ಅದಕ್ಕೆ ಬೇಕಾದ ಕ್ಯೂಜಿಐಎಸ್ ಸಾಫ್ಟ್‌ವೇರ್ ಉಚಿತ, ಮನೆಯ ಲ್ಯಾಪ್‌ಟಾಪಿನಲ್ಲೇ ಆಗುತ್ತೆ. ಕಾಲೇಜು ಅಧ್ಯಾಪಕರಾಗೋಕೆ ಬರೆಯುವ ಕೆ-ಸೆಟ್, ನೆಟ್ ಪರೀಕ್ಷೆ ಎರಡರಲ್ಲೂ ಭೂಗೋಳ ಇದೆ. ಐಎಎಸ್‌ಗೂ ಐಚ್ಛಿಕ ವಿಷಯವಾಗಿ ತಗೋಬಹುದು. ಊರಿನ ಸರ್ವೆ ನಂಬರ್ ನೋಡೋಕೆ ದಿಶಾಂಕ್ ಆ್ಯಪ್ ಸಾಕು. ಊರು ಯಾವುದು ಅನ್ನೋದನ್ನ ತಿಳಿದವರು ಹೇಳಲಿ.

ಭೂಗೋಳ ಮೇಡಂ:

ತಮ್ಮಾ, ಹಂಪಿ ಬಿಡು. ನಿನ್ನ ಕ್ಯಾಂಪನ್ನೇ ಹಿಡಿ.

ನಾನು ರಾಯಚೂರು ಜಿಲ್ಲೆಯ ಕಾಲೇಜಿನಲ್ಲಿ 26 ವರ್ಷ ಭೂಗೋಳ ಕಲಿಸಿದವಳು. ಕೆಲಸ ಸಿಕ್ಕಿ ಮೊದಲ ಸಲ ಗಂಗಾವತಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಬರುವಾಗ ಕಂಡಕ್ಟರ್ ಕೂಗುವ ಸ್ಟಾಪುಗಳನ್ನೇ ಕೇಳುತ್ತಾ ಕೂತಿದ್ದೆ. ಒಂದು ಹಳ್ಳಿ, ಆಮೇಲೆ ಒಂದು ಕ್ಯಾಂಪ್. ಮತ್ತೊಂದು ಹಳ್ಳಿ, ಮತ್ತೆರಡು ಕ್ಯಾಂಪ್. ಇಳಿಯುವಷ್ಟರಲ್ಲಿ ನನಗೆ ಪಾಠ ಸಿಕ್ಕಿತ್ತು.

ನಿಮ್ಮ ಕಡೆ ದಿನ್ನಿ ಅಂತ ಮುಗಿಯುವ ಹಳ್ಳಿಗಳಿವೆ ಅಲ್ವಾ? ದಿನ್ನಿ ಅಂದರೆ ದಿಬ್ಬ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಗೋಡೆ ನಿಲ್ಲುವುದಿಲ್ಲ. ಎತ್ತರದ ಜಾಗ ಸಿಕ್ಕರೆ ಹಳಬರು ಅಲ್ಲೇ ಮನೆ ಕಟ್ಟಿದರು. ಕ್ಯಾಂಪಿನವರು ದಿಬ್ಬ ಹುಡುಕಲಿಲ್ಲ, ಕಾಲುವೆ ಹುಡುಕಿದರು. ಒಂದೇ ನೆಲದ ಮೇಲೆ ಎರಡು ಕಾಲದ ಜನ ಎರಡು ಬೇರೆ ಕಾರಣಕ್ಕೆ ಮನೆ ಕಟ್ಟಿದ್ದಾರೆ. ಮಾನವ ಭೂಗೋಳ ಶುರುವಾಗುವುದೇ ಇಲ್ಲಿಂದ.

ತುಂಗಭದ್ರಾ ಜಲಾಶಯದ ನೀರು 1953ರಲ್ಲಿ ಕಾಲುವೆಗೆ ಬಂತು. ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದ. ಇದನ್ನು ಭತ್ತಕ್ಕಾಗಿ ಕಟ್ಟಲಿಲ್ಲ ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. ಬರ ಬೀಳುವ ನಾಡು ಇದು. ಇರುವ ನೀರನ್ನು ತೆಳ್ಳಗೆ, ತುಂಬಾ ಎಕರೆಗೆ ಹಂಚಿ ಜೋಳ, ಹತ್ತಿ, ಶೇಂಗಾ ಉಳಿಸಬೇಕು ಅನ್ನೋದು ಯೋಜನೆ. ಅಷ್ಟರಲ್ಲಿ ಕೃಷ್ಣಾ, ಗೋದಾವರಿ ಮುಖಜ ಭೂಮಿಯ ರೈತರು ಬಂದರು. ಅವರಿಗೆ ಭತ್ತ ಗೊತ್ತಿತ್ತು. ಅಲ್ಲಿ ಸ್ವಲ್ಪ ಜಮೀನು ಮಾರಿದರೆ ಇಲ್ಲಿ ಜಾಸ್ತಿ ಸಿಗುತ್ತಿತ್ತು. ನಿನ್ನ ತಾತ ಬಂದದ್ದೂ ಬಹುಶಃ ಹೀಗೇ.

1885ರಲ್ಲಿ ಭೂಗೋಳಜ್ಞ ರಾವೆನ್‌ಸ್ಟೈನ್ ವಲಸೆಯ ನಿಯಮ ಬರೆದದ್ದನ್ನು ನೀನು ಓದಿರುತ್ತೀ. ಹೆಚ್ಚು ಜನ ಹತ್ತಿರಕ್ಕೇ ಹೋಗುತ್ತಾರೆ, ದೂರ ಹೋಗುವವರು ದೊಡ್ಡ ಪಟ್ಟಣ ಸೇರುತ್ತಾರೆ ಅಂತ ಬ್ರಿಟನ್ನಿನ ಜನಗಣತಿ ನೋಡಿ ಹೇಳಿದ. ನಿನ್ನ ತಾತ ದೂರ ಬಂದರು, ಆದರೆ ಪಟ್ಟಣಕ್ಕಲ್ಲ, ಒಣ ಹೊಲಕ್ಕೆ. ಯಾಕೆ ಅಂತ ಬರೆ. ಅದು ಬಾಯಿಪಾಠ ಆಗುತ್ತಾ ನೋಡು.

ನಿನ್ನ ತಾಲ್ಲೂಕಿನಲ್ಲೇ ಆರ್‌ಎಚ್, ಅಂದರೆ ಪುನರ್ವಸತಿ ಕ್ಯಾಂಪುಗಳೂ ಇವೆ. ಅಲ್ಲಿ ಮನೆಮಾತು ಬಂಗಾಳಿ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರವೇ ಜಮೀನು ಕೊಟ್ಟು ನೆಲೆ ಮಾಡಿಸಿದ ಊರುಗಳು. ನಿಮ್ಮದೂ ಕ್ಯಾಂಪ್, ಅವರದೂ ಕ್ಯಾಂಪ್. ನಿಮ್ಮವರು ದುಡ್ಡು ತಂದು ಬಂದರು, ಅವರು ಎಲ್ಲ ಬಿಟ್ಟು ಬಂದರು. ಇಂಥ ಹೋಲಿಕೆ ಬೇರೆ ಯಾವ ತಾಲ್ಲೂಕಿನ ಹುಡುಗನಿಗೆ ಮನೆ ಬಾಗಿಲಲ್ಲೇ ಸಿಗುತ್ತೆ?

ಕಾಲುವೆಯ ಕೊನೆಯ ಭಾಗವನ್ನು ಮಾತ್ರ ಮರೆಯಬೇಡ. ಮೇಲಿನವರು ಭತ್ತ ಹಾಕಿದರೆ ಕೆಳಗಿನವರಿಗೆ ನೀರು ಮುಟ್ಟುವುದಿಲ್ಲ. ಒಂದು ವರ್ಷ ತರಗತಿಯಲ್ಲಿ, ನಿಮ್ಮ ಮನೆಯಿಂದ ಕುಡಿಯುವ ನೀರಿನ ಜಾಗಕ್ಕೆ ದಾರಿ ಬರೆದುಕೊಂಡು ಬನ್ನಿ ಅಂದಿದ್ದೆ. ಕ್ಯಾಂಪಿನ ಹುಡುಗ ಒಂದೇ ಗೆರೆ ಎಳೆದಿದ್ದ, ಮನೆಯಿಂದ ಕೆರೆಗೆ. ಕೊನೆಯ ಭಾಗದ ಒಂದು ಹಳ್ಳಿಯ ಹುಡುಗಿ ನಾಲ್ಕು ಗೆರೆ ಎಳೆದಿದ್ದಳು. ಕಾಲುವೆ ಬಿಟ್ಟಾಗ ಒಂದು, ನಿಂತಾಗ ಒಂದು, ಬೋರು ಕೆಟ್ಟಾಗ ಒಂದು, ಯಾವುದೂ ಇಲ್ಲದಾಗ ಪಕ್ಕದ ಊರಿಗೆ ಒಂದು. ಆ ಹಾಳೆಯನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಮಾನ್ವಿ ಮಗಳು:

ಮೇಡಂ ಹೇಳಿದ್ದು ಓದಿ ಬರೆಯಲೇಬೇಕು ಅನ್ನಿಸಿತು. ನಾನು ಮಾನ್ವಿ ಕಡೆಯವಳು, ಈಗ ಬೆಂಗಳೂರಿನಲ್ಲಿದ್ದೇನೆ. ನಾನು ಚಿಕ್ಕವಳಿದ್ದಾಗ ಅವ್ವ ಭತ್ತದ ನಾಟಿಗೆ ನಿಮ್ಮ ಕ್ಯಾಂಪುಗಳ ಕಡೆ ಬರುತ್ತಿದ್ದಳು. ನಸುಕಿನಲ್ಲಿ ಟಂಟಂ ಹತ್ತಿದರೆ ಕತ್ತಲಾದ ಮೇಲೆ ಮನೆಗೆ. ನಮ್ಮ ಹೊಲಕ್ಕೆ ನೀರು ಬರದ ವರ್ಷ ಅಪ್ಪ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ, ಕಟ್ಟಡದ ಕೆಲಸಕ್ಕೆ. ತಮ್ಮಾ, ನಿನ್ನ ಊರಿನಲ್ಲಿ ಎಷ್ಟು ಮನೆ, ಎಷ್ಟು ಜನ ಅಂತ ಬರೆಯುವಾಗ, ದಿನಾ ಬಂದು ನಾಟಿ ಹಚ್ಚಿ ಹೋಗುವವರನ್ನೂ ಬರಿ. ಯಾವ ಊರಿನಿಂದ ಬರುತ್ತಾರೆ, ಅವರ ಊರಿಗೆ ನೀರು ಬರುತ್ತಾ, ಕೇಳು. ನಿಮ್ಮ ಊರಿನ ಪಟ್ಟಿಯಲ್ಲಿ ಅವರ ಹೆಸರು ಇರುವುದಿಲ್ಲ.

ಕಾಲುವೆ ದಂಡೆ:

ಅಕ್ಕಾ, ಖಂಡಿತ ಬರೆಯುತ್ತೇನೆ. ನಮ್ಮ ಗದ್ದೆಗೂ ಟಂಟಂನಲ್ಲೇ ಬರುತ್ತಾರೆ. ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ, ಯಾವ ಊರು ಅಂತ ಒಮ್ಮೆಯೂ ಕೇಳಿಲ್ಲ. ಇವತ್ತು ಓದಿ ಬೇಜಾರಾಯಿತು.

ಮೇಡಂ, ನಿನ್ನೆ ರಾತ್ರಿ ಅಜ್ಜಿಯನ್ನು ಕೇಳಿದೆ. ಬಂದ ಹೊಸದರಲ್ಲಿ ಇಲ್ಲಿ ಜಾಲಿ ಗಿಡ ಬಿಟ್ಟು ಏನೂ ಇರಲಿಲ್ಲವಂತೆ. ಮೊದಲ ಬೆಳೆ ಬರುವ ತನಕ ಗುಡಿಸಲಲ್ಲಿ ಇದ್ದರಂತೆ. ಒಂದು ಸಂಶಯ. 2011ರ ಜನಗಣತಿಯ ಹಳ್ಳಿಗಳ ಪಟ್ಟಿಯಲ್ಲಿ ನಮ್ಮ ಕ್ಯಾಂಪಿನ ಹೆಸರೇ ಇಲ್ಲ. ಹಾಗಾದರೆ ಅಂಕಿ ಎಲ್ಲಿಂದ ತರಲಿ?

ಭೂಗೋಳ ಮೇಡಂ:

ಆ ಪಟ್ಟಿ ಕಂದಾಯ ಗ್ರಾಮಗಳದ್ದು, ಅಂದರೆ ಸರ್ಕಾರದ ಭೂದಾಖಲೆಯಲ್ಲಿ ಸ್ವಂತ ಹೆಸರಿರುವ ಹಳ್ಳಿಗಳದ್ದು. ಬೇರೆ ಕಂದಾಯ ಗ್ರಾಮ ಆಗದ ಕ್ಯಾಂಪ್, ತಾಂಡಾ, ಹಟ್ಟಿ ಎಲ್ಲ ಮೂಲ ಹಳ್ಳಿಯ ಲೆಕ್ಕದೊಳಗೆ ಸೇರಿಹೋಗುತ್ತವೆ. ಜನ ಇರುತ್ತಾರೆ, ಹೆಸರು ಇರುವುದಿಲ್ಲ. ಇದು ಬರೀ ನಕ್ಷೆಯ ಮಾತಲ್ಲ. ಮನೆ ಹಕ್ಕುಪತ್ರಕ್ಕೂ ಇದೇ ಅಡ್ಡಿ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆ ಇಲ್ಲದ ಜನವಸತಿಗಳನ್ನು ಕಂದಾಯ ಗ್ರಾಮ ಮಾಡಿದರು. 2023ರ ಜನವರಿಯಲ್ಲಿ ಮಳಖೇಡದಲ್ಲಿ ತಾಂಡಾದ ಜನಕ್ಕೆ ಹಕ್ಕುಪತ್ರ ಹಂಚಿದ್ದು ಅದರ ಮೇಲೆಯೇ.

ಅಂಕಿಗೆ ಮನೆ ಮನೆ ತಿರುಗು. ಪಂಚಾಯಿತಿಯ ತೆರಿಗೆ ವಹಿ, ಅಂಗನವಾಡಿಯ ಸರ್ವೆ ಪುಸ್ತಕ, ಮತದಾರರ ಪಟ್ಟಿ ಮೂರನ್ನೂ ಎದುರು ಬದುರು ಇಟ್ಟು ನೋಡು. ಹಳೆಯ ಟೋಪೊಶೀಟ್, ಅಂದರೆ ಒಂದು ಮೈಲಿಯನ್ನು ಒಂದು ಇಂಚಿಗೆ ಇಳಿಸಿದ ಸರ್ವೆ ನಕ್ಷೆ, ಸಿಕ್ಕರೆ ಅದರಲ್ಲಿ ನಿಮ್ಮ ಜಾಗ ಹುಡುಕು. ಅಜ್ಜಿಯ ಮಾತನ್ನು ತೆಲುಗಿನಲ್ಲೇ ರೆಕಾರ್ಡ್ ಮಾಡಿಕೋ, ತಡ ಮಾಡಬೇಡ.

ಆಮೇಲೆ ಪಕ್ಕದ ಹಳೆಯ ಹಳ್ಳಿಗೆ ಹೋಗು. ನಿನ್ನ ತಾತನಿಗೆ ಜಮೀನು ಮಾರಿದ ಮನೆಯವರು ಯಾರು ಅಂತ ಕೇಳು. ಎಕರೆಗೆ ಎಷ್ಟಕ್ಕೆ ಕೊಟ್ಟರು, ಯಾಕೆ ಕೊಟ್ಟರು, ಈಗ ಅವರ ಮಕ್ಕಳು ಎಲ್ಲಿದ್ದಾರೆ, ಕೂತು ಕೇಳಿಸಿಕೋ. ಬರೆದ ಮೇಲೆ ಇಲ್ಲಿ ಹಾಕು, ನಾನು ಓದುತ್ತೇನೆ.