ಸಹಾಯ ಬೇಕು: ಫ್ಯಾನ್‌ಜೀನ್ (ಅಭಿಮಾನಿಗಳೇ ಮಾಡುವ ಪುಟ್ಟ ಪತ್ರಿಕೆ) ಪ್ರಿಂಟ್ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಟಿವಿ ಧಾರಾವಾಹಿ ಸ್ಟಾರ್ ಟ್ರೆಕ್‌ನ ಕರ್ಕ್ ಮತ್ತು ಸ್ಪಾಕ್ ಪ್ರೀತಿಯ ಬಗ್ಗೆ ನಾನು ಬರೆದ ಐದು ಕಥೆಗಳನ್ನು ಪುಟ್ಟ ಪುಸ್ತಕ ಮಾಡುವ ಆಸೆ. 1967ರಲ್ಲೇ ಸ್ಟಾರ್ ಟ್ರೆಕ್ ಅಭಿಮಾನಿಗಳು ಫ್ಯಾನ್‌ಜೀನ್ ತಂದಿದ್ದರು. ನಾನು ಈಗ ಎದ್ದಿದ್ದೇನೆ!

ಎ4 ಹಾಳೆ ಮಡಚಿ ನಡುವೆ ಪಿನ್ ಹೊಡೆಯಬೇಕು. ಹಾಗಾಗಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು. ನನ್ನದು 54. ಎರಡು ಪುಟ ಕಡಿಮೆ ಮಾಡಲಾ, ಇಲ್ಲ ಎರಡು ಚಿತ್ರ ಸೇರಿಸಲಾ? ಮೊದಲ ಮುತ್ತಿನ ದೃಶ್ಯ ಮಾತ್ರ ಮುಟ್ಟಲ್ಲ, ಅದಕ್ಕೇ ಮೂರು ವಾರ ಹಿಡಿದಿದೆ.

ಒಂದು ಪ್ರತಿ ಮಾಡಿ ನೋಡಿದೆ. ಒಳಗಿನ ಹಾಳೆಗಳು ಅಂಚಿನಲ್ಲಿ ಹೊರಗೆ ಚಾಚಿವೆ. ನಡುವಿನ ಮಡಿಕೆ ಅಕ್ಷರಗಳನ್ನೇ ನುಂಗಿದೆ. ಒಳಗಡೆ ಎಷ್ಟು ಜಾಗ ಬಿಡಬೇಕು? ಅಂಚನ್ನು ಪಿನ್ ಹೊಡೆದ ಮೇಲೆ ಕತ್ತರಿಸೋದಾ?

ಲಾಭಕ್ಕಲ್ಲ. ಪಾತ್ರಗಳು ನನ್ನವಲ್ಲ, ಅಲ್ವಾ? ಖರ್ಚು ಹುಟ್ಟಿದರೆ ಸಾಕು. ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ.